ಬರೆದುಕೊಳ್ಳುವ ಯಂತ್ರ

ಋಷಿಕೇಶ ಹೆಂಡತಿಯ ಮುಂಗೈಯನ್ನು ಕಾದ ಹಂಚಿಗೆ ಒತ್ತಿ ಹಿಡಿದ. ಸುಲಭಾ ಚೀರಿದಳು.

“ಹೆಂಗ ಉರೀತದ, ಬಿಡಿಸಿ ಹೇಳು. ಯಂತ್ರಕ್ಕ ಇದೊಂದು ಗೊತ್ತಾಗೂದಿಲ್ಲ ನೋಡು.”

ಮಹಾಶಯ ಭಯಾನಕ ಕಾದಂಬರಿಗಳ ಲೇಖಕ. ಈಗಿನದು ಪ್ರಜ್ಞೆ ಬಂದ ಯಂತ್ರವೊಂದರ ಕಥೆ. ಇನ್ನೊಬ್ಬರ ನೋವು ಯಂತ್ರಕ್ಕೆ ತಿಳಿದೀತೇ ಎಂದು ಅವನಿಗೆ ಭಾರೀ ಚಿಂತೆ. ಹೆಂಡತಿಯ ನೋವು ತನಗೇ ತಿಳಿಯುತ್ತಿರಲಿಲ್ಲ, ಆ ಮಾತು ಬೇರೆ. ಕೈಯಲ್ಲಿ ಬರೆಯುವವನಲ್ಲ ಅವನು. ಮನೆತುಂಬ ಓಡಾಡುತ್ತ ಬಾಯಿಬಿಟ್ಟು ಹೇಳುತ್ತಿದ್ದ. ಹೋದಲ್ಲೆಲ್ಲ ಒಯ್ಯುವ ಪುಟ್ಟ ಯಂತ್ರ ಕೇಳಿ ಬರೆದುಕೊಳ್ಳುತ್ತಿತ್ತು. ಪ್ರಕಾಶಕರಿಗೆ ಪತ್ರ ಕಳಿಸುವುದೂ ಅದೇ. ಕೊಲೆಯ ದೃಶ್ಯ ಬಂದರೆ ಗಂಟಲು ಹರಿಯುವ ಹಾಗೆ ಕೂಗುತ್ತಿದ್ದ: “ಅಯ್ಯೋ, ಕೊಲ್ಲಬೇಡ, ಪೂರ್ಣವಿರಾಮ.”

ಮಗರಪಟ್ಟಾ ಬಡಾವಣೆಯ ಆ ಮಹಡಿಗೆಲ್ಲ ಈ ಕೂಗಾಟ ರೂಢಿ. ಎದುರು ಫ್ಲ್ಯಾಟಿನ ಸಾವಂತ್ರವ್ವನಿಗೆ ಸುಲಭಾ ಒಮ್ಮೆ ಸುಟ್ಟ ಕೈ ತೋರಿಸಿದ್ದಳು. ಮುದುಕಿ ನಕ್ಕುಬಿಟ್ಟಿದ್ದಳು. “ನಿಮ್ಮ ಮನ್ಯಾಗ ದಿನಾ ಒಬ್ಬರು ಸಾಯ್ತಾರ ಬಿಡವಾ. ನಿನ್ನೂ ಕಥಿಯೊಳಗ ಸೇರಿಸ್ಯಾರೇನು?” ಇಲ್ಲಿ ಯಾರು ಕೂಗಿದರೂ ಯಾರೂ ಬರುವುದಿಲ್ಲವೆಂದು ಸುಲಭಾಗೆ ಅಂದೇ ಖಾತ್ರಿಯಾಗಿತ್ತು.

ಋಷಿಕೇಶ ಕೈಬಿಟ್ಟ. “ಚಹಾ ಮಾಡು. ಕುಡದ ಮ್ಯಾಲ ಕಣ್ಣಿನ ದೃಶ್ಯ ಅದ.” ಒಲೆಯ ಪಕ್ಕ ಕಬ್ಬಿಣದ ಸಲಾಕೆ ಇಟ್ಟ.

ಕಾಲು ತಾಸಿನಲ್ಲಿ ಚಹಾ ಆಯಿತು. ಅವನು ಕಪ್ಪಿಗೆ ಬಾಗಿದಾಗ ಸುಲಭಾ ಅದೇ ಸಲಾಕೆ ಎತ್ತಿದಳು. ಅವಳಿಗೆ ತನ್ನ ಕಣ್ಣು ಉಳಿಯಬೇಕಿತ್ತು, ಅಷ್ಟೇ.

ಮೊದಲ ಏಟು ಹೆಗಲಿಗೆ ಬಿತ್ತು. “ಸುಲಭಾ, ಬ್ಯಾಡ. ಕೊಲ್ಲಬ್ಯಾಡ.” ಎರಡನೆಯದು ಹಣೆಗೆ. ರಕ್ತ ಚಹಾದೊಳಗೆ ತೊಟ್ಟಿಕ್ಕಿತು. ಎದುರು ಮನೆಯ ಟಿವಿ ಸದ್ದು ಹಾಗೆಯೇ ನಡೆದಿತ್ತು. ಮೂರನೆಯ ಏಟಿಗೆ ಅವನು ಸುಮ್ಮನಾದ.

ಸುಲಭಾ ಯಂತ್ರದತ್ತ ಬಾಗಿ ಹೇಳಿದಳು: “ಪೂರ್ಣವಿರಾಮ.”

ಅಷ್ಟರಲ್ಲೇ ಕರೆಗಂಟೆ. ಬಾಗಿಲಲ್ಲಿ ಪೊಲೀಸ್ ಪೇದೆ. ಎದೆಯ ಪಟ್ಟಿಯಲ್ಲಿ ಪೂರ್ವಾ ಎಂದಿತ್ತು. ಯಂತ್ರ ಕೊಲೆಯ ಸುದ್ದಿ ಮುಟ್ಟಿಸಿತೆಂದೇ ಸುಲಭಾ ತಿಳಿದಳು.

“ನಾನ ಹೊಡದೀನ್ರಿ.”

“ಯಾರಿಗ್ರಿ?” ಸೊಲ್ಲಾಪುರದ ಕಡೆಯ ಪೇದೆ ಮರಾಠಿ ಬಿಟ್ಟು ಕನ್ನಡದಲ್ಲೇ ಕೇಳಿದಳು. “ಹೆದರಬ್ಯಾಡ್ರಿ. ಕಾಲು ತಾಸಿನ ಹಿಂದ ನಿಮ್ಮ ಮನಿಯಿಂದನ ಮೆಸೇಜ್ ಬಂತು.” ಮೊಬೈಲ್ ಮುಂದೆ ಹಿಡಿದಳು.

‘ಲೇಖಕರು ಚೀರಿದಾಗ ಪೂರ್ಣವಿರಾಮ ಹೇಳುತ್ತಾರೆ. ಅವರ ಹೆಂಡತಿ ಇಷ್ಟು ದಿನ ಚೀರಿದರೂ ಒಮ್ಮೆಯೂ ಹೇಳಿಲ್ಲ. ಇದು ಕಥೆಯಲ್ಲ. ಆಕೆಯ ಕಣ್ಣು ಉಳಿಸಿ, ಬೇಗ ಬನ್ನಿ.’