ಗೇಟಿನ ಸಂದಿಯ ಕೌದಿ

ಇವತ್ತು ಚಿದ್ರಿ ಬಡಾವಣೆಯ ನನ್ನ ಮನೆಯಲ್ಲಿ ನಲ್ಲಿ ನೀರು ಸೋಸುವಾಗ, ಬಟ್ಟೆಗೆ ಹತ್ತಿದ ಕೆಸರು ಹಸಿ ಕೌದಿಯ ಹಾಗೆ ನಾರಿತು.

ನನ್ನ ಸಣ್ಣ ವಯಸ್ಸಿನಲ್ಲಿ ಒಂದು ದಿನ ನಾನು ಅವ್ವನ ಜೊತೆ ಜೋಳ ಹಸನು ಮಾಡುತ್ತಿದ್ದೆ. ಔರಾದ ಕಡೆಯ ಸಣ್ಣ ಡ್ಯಾಮಿನ ಗೇಟ್ ಕಾಯುತ್ತಿದ್ದ ಅಪ್ಪ ಓಡಿ ಬಂದ. "ಗೇಟಿನ ರಬ್ಬರ್ ಹರದದ. ಹಿಂಗೇ ಸೋರಿದ್ರ ಬ್ಯಾಸಗ್ಯಾಗ ಊರಿಗಿ ಕುಡಿಲಾಕ ನೀರಿರಲ್ಲ. ದಪ್ಪಂದೊಂದು ಕೌದಿ ಕೊಡು."

"ನಿಮ್ಮ ಡ್ಯಾಮಿಗಿ ನನ್ನ ತವರಿನ ಕೌದಿನೇ ಬೇಕೇನ್ರಿ?" ಎನ್ನುತ್ತಲೇ ಅವ್ವ ತೆಗೆದುಕೊಟ್ಟಳು. ಅಜ್ಜಿಯ ಹಳೆಯ ಸೀರೆಗಳನ್ನು ಸೇರಿಸಿ ಹೊಲಿದ ಮೆತ್ತನೆಯ ಕೌದಿ ಅದು.

ಮೂವರೂ ಡ್ಯಾಮಿಗೆ ಓಡಿದೆವು. ಅಪ್ಪ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ನೀರಿಗಿಳಿದ. ಹಗ್ಗದ ತುದಿಯನ್ನು ಅವ್ವ ಹಿಡಿದಳು, ಅವ್ವನ ಸೆರಗನ್ನು ನಾನು. ಸಂದಿಗೆ ತುರುಕುವಾಗ ಸೆಳೆತಕ್ಕೆ ಕೌದಿಯ ಜೊತೆ ಕೈಯೂ ಸಿಕ್ಕಿತು. ಮೇಲೆ ಬಂದಾಗ ಎಡಗೈಯ ಎರಡು ಬೆರಳು ಜಜ್ಜಿಹೋಗಿದ್ದವು. ಸೋರುವುದು ನಿಂತಿತ್ತು.

ಅಷ್ಟರಲ್ಲಿ ತಪಾಸಣೆಯ ಸಾಹೇಬರ ಜೀಪು ಬಂತು. ಅಪ್ಪ ಕೈಗೆ ಟವೆಲ್ ಸುತ್ತಿಕೊಂಡು, "ಒಳಗ ಕೌದಿ ತುರುಕೀನ್ರಿ ಸಾಹೇಬ್ರ, ಹೊಸ ರಬ್ಬರ್ ಹಾಕಿಸ್ರಿ," ಎಂದ.

ಸಾಹೇಬರು ಗೇಟಿನ ಕೆಳಗೆ ಅಂಗೈ ಒಡ್ಡಿ ನೋಡಿದರು. "ಒಂದು ಹನಿ ಸುದ್ದಾ ಬೀಳವಲ್ದು. ಕೌದಿನೇ ಚಲೋ ಅದಲ್ಲೋ!" ಎಂದು ನಕ್ಕು, ಗೇಟ್ ಸುಸ್ಥಿತಿಯಲ್ಲಿದೆ ಎಂದು ಬರೆದುಕೊಂಡು ಹೋದರು.

ಮನೆಗೆ ಬಂದು ಅವ್ವ ಅಪ್ಪನ ಬೆರಳಿಗೆ ಅರಿಶಿನ ಒತ್ತಿ ಕಟ್ಟಿದಳು. "ಉಣ್ಣೋ ಕೈ ಉಳೀತು. ಕರ್ತನಿಗೆ ಸ್ತೋತ್ರ," ಎಂದಳು. ಅಪ್ಪ ಆಮೆನ್ ಅನ್ನಲಿಲ್ಲ.

ಅವ್ವ ಕೈ ತೊಳೆದುಕೊಂಡು ಬಂದಳು. ನಾವಿಬ್ಬರೂ ಮತ್ತೆ ಜೋಳದಲ್ಲಿ ಕಲ್ಲು ಆರಿಸಲು ಕುಳಿತೆವು.