ಆರನೆಯ ಚೆಂಬು

ಸುಕೇಶ ಬಚ್ಚಲಿಗೆ ಹೋಗಿ ಚಿಲಕ ಹಾಕಿದ್ದೇ ತಡ, ವಾರಿಜಾ ಅಡುಗೆಮನೆಯ ನಲ್ಲಿ ತಿರುಗಿಸಿ ಲೀಟರ್ ಹಿಡಿಯುವ ಚೆಂಬು ತುಂಬಿಸಿದಳು. ಕಟ್ಟೆಯ ಮೇಲೆ ಗಂಡನ ಬಿಯರ್ ಮೆಷಿನ್ ಗುಂಯ್‌ಗುಡುತ್ತಿತ್ತು. ಸ್ಟೀಲಿನ ಉದ್ದನೆಯ ಪಾತ್ರೆ, ಅದರೊಳಗೆ ತೂತಿನ ತಳದ ಡಬ್ಬ, ಡಬ್ಬದ ತುಂಬ ಬಾರ್ಲಿ ನುಚ್ಚು. ನುಚ್ಚಿನಿಂದ ಇಳಿದ ಸಿಹಿನೀರನ್ನು ಪಂಪು ತಳದಿಂದ ಎಳೆದು, ಕೊಳವೆಯಲ್ಲಿ ಮೇಲಕ್ಕೆ ಹತ್ತಿಸಿ, ಮತ್ತೆ ಅದೇ ನುಚ್ಚಿನ ಮೇಲೆ ಸುರಿಯುತ್ತದೆ. ಗಂಟೆಗಟ್ಟಲೆ ಹೀಗೇ ಸುತ್ತು. ಒಂದು ಕಿಲೋ ನುಚ್ಚಿಗೆ ಮೂರು ಲೀಟರ್ ನೀರು ಎಂದು ಅವನೇ ಅವಳಿಗೆ ನೂರು ಸಲ ಹೇಳಿದ್ದ. ಆ ಲೆಕ್ಕ ಕೆಡಿಸುವುದೇ ಅವಳ ಪ್ರತಿ ಮಂಗಳವಾರದ ಕೆಲಸ.

ಪಾಪ, ಅವಳಿಗೆ ಬೇರೆ ದಾರಿ ಇರಲಿಲ್ಲ. ಸುಕೇಶ ಸಾಂತಾಕ್ರೂಜ್‌ನ ಹೋಟೆಲೊಂದರಲ್ಲಿ ಮ್ಯಾನೇಜರ್. ಲಿವರ್ ಕೆಟ್ಟಿದೆ, ಹೀಗೇ ಕುಡಿದರೆ ಎರಡು ವರ್ಷ ಎಂದು ಡಾಕ್ಟರ್ ಹೇಳಿದಾಗ ಅವನು ಅತ್ತ, ಆಣೆ ಹಾಕಿದ, ಬಾರ್ ಬಿಟ್ಟ. ಬಾರ್ ಬಿಟ್ಟವನು ಮೆಷಿನ್ ತಂದ. ಇನ್ನು ಮನೆಯಲ್ಲಿ ಮಾಡಿದ್ದು ಮಾತ್ರ, ದಿನಕ್ಕೆ ಎರಡೇ ಬಾಟಲಿ ಎಂದ. ಆ ಎರಡನ್ನು ಬಿಡಿಸಲು ಅವಳ ಕೈಯಲ್ಲಿ ಆಗಲಿಲ್ಲ. ಆದರೆ ಗಂಜಿಗೆ ನೀರು ಹೆಚ್ಚಾದರೆ ಏನಾಗುತ್ತದೆಂದು ಗೊತ್ತಿಲ್ಲದವಳೇ ಅವಳು? ಬಿಯರೂ ಹಾಗೇ ತೆಳ್ಳಗಾಗಲಿ ಎಂದು ಮೊದಲ ವಾರ ಒಂದು ಚೆಂಬು ಹೊಯ್ದಳು. ಆಮೇಲೆ ಎರಡು. ಕಳೆದ ವಾರ ಐದು.

ಆದರೂ ಮೊನ್ನೆಯ ರಿಪೋರ್ಟ್ ಹಿಂದಿನದಕ್ಕಿಂತ ಕೆಟ್ಟದಾಗಿತ್ತು. ಅವನ ಕಾಲು ಊದಿತ್ತು, ಬೆರಳಿನಿಂದ ಒತ್ತಿದರೆ ಗುಳಿ ಹಾಗೇ ನಿಲ್ಲುತ್ತಿತ್ತು. ನೀರು ಸಾಲಲಿಲ್ಲವೇನೋ ಎಂದುಕೊಂಡು ಅವಳು ಇವತ್ತು ಆರನೆಯ ಚೆಂಬು ಹೊಯ್ದಳು. ಅದು ಇಳಿಯಲಿಲ್ಲ. ನುಚ್ಚಿನ ಮೇಲೆ ನಿಂತು, ಅಂಚು ದಾಟಿ, ಕಟ್ಟೆಯಿಂದ ನೆಲಕ್ಕೆ ಹರಿಯಿತು. ಕೆಳಗೆ ನೀರು ಸಿಗದೆ ಪಂಪು ಕರ್ಕಶವಾಗಿ ಕಿರುಚತೊಡಗಿತು. ಗಾಬರಿಯಲ್ಲಿ ಸಟ್ಟುಗ ಹಾಕಿ ಕಲಕಲು ಹೋದಳು. ನುಚ್ಚು ಬಾಯಿಯ ತನಕ ಬಿಗಿದು ಕೂತಿತ್ತು. ಇಷ್ಟೊಂದು ಯಾವತ್ತೂ ಇರುತ್ತಿರಲಿಲ್ಲ.

ಸುಕೇಶ ಟವೆಲ್ ಸುತ್ತಿಕೊಂಡು, ಕಿವಿಯಲ್ಲಿ ಸೋಪಿನ ನೊರೆಯ ಸಮೇತ ಓಡಿ ಬಂದ. ಸ್ವಿಚ್ ಆರಿಸಿದ. ಹೆಂಡತಿಯ ಕೈಯಲ್ಲಿದ್ದ ಚೆಂಬು ನೋಡಿದ.

"ಇವತ್ತು ಎಷ್ಟು ಹಾಕಿದ್ದಿ?"

"ಎಂತ ಹಾಕುದು? ಚೆಲ್ಲಿದ್ದನ್ನು ಒರೆಸ್ಲಿಕ್ಕೆ ಬಂದೆ ನಾನು."

"ಬಿಡು ಮಾರಾಯ್ತಿ. ನೀನು ಇಲ್ಲಿ ನಲ್ಲಿ ಬಿಟ್ರೆ ನನಗೆ ಅಲ್ಲಿ ಬಚ್ಚಲಲ್ಲಿ ನೀರು ಸಣ್ಣ ಆಗ್ತದೆ. ಈ ಬಿಲ್ಡಿಂಗಿನ ಪೈಪೇ ಹಾಗೆ. ಮಳೆಗಾಲದಿಂದ ಲೆಕ್ಕ ಇಡ್ತಾ ಇದ್ದೇನೆ."

ಸಿಕ್ಕಿಬಿದ್ದ ನಾಚಿಕೆಗಿಂತ ಅವನು ಬೈಯದೇ ಇದ್ದದ್ದು ಅವಳನ್ನು ಹೆಚ್ಚು ಹೆದರಿಸಿತು.

"ಗೊತ್ತಿದ್ದೂ ಸುಮ್ಮನೆ ಇದ್ರಾ?"

"ಬೈದ್ರೆ ನೀನು ಅಳ್ತಿ. ನೀನು ಅಳುದು ನನಗೆ ನೋಡ್ಲಿಕ್ಕಾಗುದಿಲ್ಲ." ಅವನು ಸಟ್ಟುಗ ಇಸಿದುಕೊಂಡು ನುಚ್ಚಿಗೆ ಚುಚ್ಚಿದ. "ಅದಕ್ಕೆ ನೀನು ಮೂರು ಚೆಂಬು ಹಾಕಿದ್ರೆ ನಾನು ಒಂದು ಕಿಲೋ ಜಾಸ್ತಿ ಹಾಕಿದೆ. ಇವತ್ತು ಆರು ಹಾಕ್ತೀ ಅಂತ ಅಂದಾಜಿತ್ತು, ರಿಪೋರ್ಟ್ ಬಂದದ್ದಲ್ವಾ. ಮೊದಲೇ ಎರಡು ಕಿಲೋ ಜಾಸ್ತಿ ತುಂಬಿಸಿದ್ದೆ."

ವಾರಿಜಾ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ನೀರೂ ಹೆಚ್ಚು, ನುಚ್ಚೂ ಹೆಚ್ಚು. ಅಮಲು ಕಡಿಮೆಯಾಗಿರಲೇ ಇಲ್ಲ.

"ಹಾಗಾದ್ರೆ ಬಾಟ್ಲಿ?" ಅವಳು ಕೇಳಿದಳು. "ವಾರಕ್ಕೆ ಹದಿನಾಲ್ಕು ಆಗ್ತಿತ್ತಲ್ಲ?"

"ಈಗ ಇಪ್ಪತ್ತು ಹತ್ತಿರ ಆಗ್ತದೆ."

"ಜಾಸ್ತಿದು ಎಂತ ಮಾಡಿದ್ರಿ?"

ಅವನು ತಲೆ ಎತ್ತಲಿಲ್ಲ. "ನೀನು ಮಾಡಿದ್ದನ್ನು ಚೆಲ್ಲುದು ಹೇಗೆ?"

ಅವಳು ಒದ್ದೆ ನೆಲದ ಮೇಲೆ ಹಾಗೇ ಕುಸಿದು ಕೂತಳು. ಅಂಟು ನೀರು ಸೀರೆಗೆ ಹತ್ತಿತು, ಅವನ ಊದಿದ ಪಾದಗಳ ಸುತ್ತ ಹರಿಯಿತು. ಆರು ತಿಂಗಳಿಂದ ತಾನೇ ಕೈಯಾರೆ ಚೆಂಬಿನಲ್ಲಿ ಅಳೆದು ಅವನಿಗೆ ಹೊಯ್ದು ಕೊಟ್ಟಿದ್ದೆನಲ್ಲ ಎಂದುಕೊಂಡಳು. ಅಳು ಮಾತ್ರ ಬರಲಿಲ್ಲ.

ಸುಕೇಶ ಸಟ್ಟುಗವನ್ನು ಹಬೆಯಾಡುವ ಪಾತ್ರೆಯ ಅಂಚಿಗೆ ಒರಗಿಸಿದ. ಆಮೇಲೆ ತೀರ ಮೆತ್ತಗೆ, ಸಮಾಧಾನ ಹೇಳುವವನ ಹಾಗೆ ಅಂದ:

"ಇದ್ರಲ್ಲಿ ಇನ್ನು ಹಿಡಿಯುದಿಲ್ಲ ವಾರಿಜಾ. ನಮ್ಮಿಬ್ಬರಿಗೆ ಇನ್ನೂ ದೊಡ್ಡ ಮೆಷಿನ್ ಬೇಕು."