ಮಾವನ ಮಂಚ

ಮದುವೆಯ ದಿನ ಮಾವ ತೇಗದ ಮಂಚವೊಂದನ್ನು ತೋರಿಸಿ, "ಅಳಿಯಂದ್ರೇ, ಇದಕ್ಕೆ ಒಂದು ಗೀರೂ ಬೀಳಬಾರದು, ಮಾತು ಕೊಡಿ" ಎಂದಿದ್ದರು. ನಾಗಭೂಷಣ ಮಾತು ಕೊಟ್ಟಿದ್ದ.

ಅಂದಿನಿಂದ ಮೂರು ಸಲ ಮನೆ ಬದಲಾಯಿಸಿದಾಗಲೂ ಮಂಚವೇ ಕಂಬಳಿ ಹೊದ್ದು ಮೊದಲು ಲಾರಿ ಹತ್ತಿತ್ತು. ಮಕ್ಕಳು ಅದರ ಮೇಲೆ ಕುಣಿದರೆ ಬೆನ್ನಿಗೆ ಏಟು ಬೀಳುತ್ತಿತ್ತು.

ಈಗ ಮೈಸೂರಿನ ಫ್ಲ್ಯಾಟ್ ಖಾಲಿ ಮಾಡಿ ಬೆಳಗಾವಿಗೆ ಹೋಗಬೇಕು. ಪ್ಯಾಕರ್ಸಿನವರು ಹೇಳಿದ ರೇಟಿಗೆ ಹೊಸ ಸಾಮಾನೇ ಬರುತ್ತಿತ್ತು. ಕೊನೆಗೆ ಬೆಳಗಾವಿಗೆ ಖಾಲಿ ಮರಳುವ ಮಿನಿ ಲಾರಿಯೊಂದು ಅಗ್ಗಕ್ಕೆ ಸಿಕ್ಕಿತು. ಡ್ರೈವರ್ ಬಂದು ನೋಡಿ, "ಈ ಮಂಚ ಬಿಚ್ಚಕ್ಕೂ ಬರಲ್ಲ ಸಾರ್. ಇದು ಬೇಕು ಅಂದ್ರೆ ದೊಡ್ಡ ಲಾರಿ ತಗೊಳ್ಳಿ, ಬಾಡಿಗೆ ಡಬಲ್" ಎಂದ.

"ಡಬಲ್ ಆದ್ರೂ ಸರಿ, ಅಪ್ಪ ಕೊಟ್ಟಿದ್ದು," ಎಂದಳು ಹೆಂಡತಿ. "ಬೇಕಿದ್ರೆ ನೀವು ಇಲ್ಲೇ ಇರಿ, ಜಾಗ ಆಗುತ್ತೆ."

ನಾಗಭೂಷಣ ಮಾವನಿಗೇ ಫೋನ್ ಮಾಡಿದ. "ಮಾವ, ಆ ಮಂಚ ಇಲ್ಲೇ ಮಾರಿಬಿಡ್ಲಾ? ಬೇಜಾರು ಮಾಡ್ಕೋಬೇಡಿ."

"ಯಾವ ಮಂಚ?"

"ಮದುವೇಲಿ ನೀವು ಕೊಟ್ರಲ್ಲ, ತೇಗದ್ದು."



"ಅದನ್ನ ನಿಮ್ಮ ಕಡೆಯವರು ಟೆಂಪೋಗೆ ಹಾಕ್ಕೊಂಡು ಹೋದ್ರಾ? ಅದು ಛತ್ರದ ಮಂಚ, ಅಳಿಯಂದ್ರೇ. ಮಾರನೇ ದಿನ ವಾಪಸ್ ಕೊಡಬೇಕಿತ್ತು, ಅದಕ್ಕೇ ಗೀರು ಬೀಳಬಾರದು ಅಂದಿದ್ದು. ಛತ್ರದವರು ಇವತ್ತಿಗೂ ಅಡುಗೆ ಭಟ್ಟರೇ ಕದ್ರು ಅಂತ ಬೈತಾರೆ."

ನಾಗಭೂಷಣ ಹಾಸಿಗೆ ಎತ್ತಿ, ಟಾರ್ಚ್ ಹಾಕಿ ಸುತ್ತಲೂ ನೋಡಿದ. ಮಂಚಕ್ಕೆ ಒಂದು ಗೀರೂ ಬಿದ್ದಿರಲಿಲ್ಲ.